ಗೋ-ಸ್ಲೋಗೂ ‘ರೂಲ್ ಪ್ರಕಾರ ಕೆಲಸ’ಕ್ಕೂ ಏನು ವ್ಯತ್ಯಾಸ?

ಪ್ರಶ್ನೆ (ಬಿ-ಶಿಫ್ಟ್):
ಪ್ರೊಡಕ್ಷನ್ ಬಿದ್ದರೆ ಸಾಕು, ಮ್ಯಾನೇಜ್‌ಮೆಂಟ್ ‘ಗೋ-ಸ್ಲೋ’ ಅಂತ ನೋಟಿಸ್ ಅಂಟಿಸುತ್ತೆ. ಯೂನಿಯನ್‌ನವರು ‘ರೂಲ್ ಪ್ರಕಾರವೇ ಮಾಡಿದ್ದೀವಿ’ ಅಂತಾರೆ. ಕಾನೂನು ಏನನ್ನುತ್ತೆ? ಸಂಬಳ ಹಿಡಿಯಬಹುದಾ?

ಲೇಬರ್‌ಲಾ:
ಗೋ-ಸ್ಲೋ, ಅಂದರೆ ಬೇಕಂತಲೇ ಕೆಲಸ ಎಳೆಯುವುದು, 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಷೆಡ್ಯೂಲ್‌ನಲ್ಲಿ (ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿ) ಘೇರಾವ್ ಜೊತೆಗೇ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಭಾರತ್ ಶುಗರ್ ಮಿಲ್ಸ್ ಪ್ರಕರಣದಲ್ಲಿ (1961) ಸುಪ್ರೀಂ ಕೋರ್ಟ್ ಇದನ್ನು ಗಂಭೀರ ದುರ್ನಡತೆ ಎಂದಿತು: ಉತ್ಪಾದನೆ ಇಳಿಯುತ್ತೆ, ಸಂಬಳ ಮಾತ್ರ ಪೂರ್ತಿ ಕೇಳುತ್ತಾರೆ, ನಿಧಾನಕ್ಕೆ ಓಡಿಸಿದ ಯಂತ್ರವೂ ಹಾಳಾಗಬಹುದು. ‘ನಾವು ಸ್ಟ್ರೈಕ್ ಮಾಡಿಲ್ವಲ್ಲ’ ಅನ್ನೋ ವಾದ ನಿಲ್ಲಲ್ಲ. ಆದರೆ ಗೋ-ಸ್ಲೋ ಆಗಿಲ್ಲ ಅಂತ ಕಾರ್ಮಿಕರು ತಕರಾರು ತೆಗೆದರೆ ಅದನ್ನು ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ಕಣ್ಣಂದಾಜಲ್ಲಿ ಸಂಬಳ ಹಿಡಿಯೋಕಾಗಲ್ಲ.

ಟೈಮ್‌ಸ್ಟಡಿ:
ಸಾಬೀತು ಮಾಡೋದೇ ಕಷ್ಟದ ಕೆಲಸ. ಒಂದು ಪೀಸ್‌ಗೆ 60 ಸೆಕೆಂಡ್, ಊಟ ಬಿಟ್ಟು 450 ನಿಮಿಷದ ಶಿಫ್ಟ್ ಅಂದುಕೊಳ್ಳಿ. ಮೆಟೀರಿಯಲ್ ಬರದೆ 40 ನಿಮಿಷ, ಬ್ರೇಕ್‌ಡೌನ್‌ಗೆ 50 ನಿಮಿಷ ಹೋದರೆ ಉಳಿದದ್ದು 360. ಶೇ 85ರ ಎಫಿಷಿಯೆನ್ಸಿಯಲ್ಲಿ 306 ಪೀಸ್ ಬರಬೇಕು. 230 ಬಂದಿದ್ದರೆ ಕೊರತೆ 76. ಕೆಲವರು 450ರಲ್ಲೇ 230 ಕಳೆದು 220 ಅಂತ ಚಾರ್ಜ್‌ಶೀಟ್ ಬರೀತಾರೆ. ವಿಚಾರಣೆಯಲ್ಲಿ ಬ್ರೇಕ್‌ಡೌನ್ ರಿಜಿಸ್ಟರ್ ತರಿಸಿದ ಕೂಡಲೇ ಆ ಲೆಕ್ಕ ಮಗುಚಿಕೊಳ್ಳುತ್ತೆ. ಇನ್ನು ಅಸೆಂಬ್ಲಿ ಲೈನಲ್ಲಿ ಒಂದು ಸ್ಟೇಷನ್ ನಿಧಾನವಾದರೆ ಅದರ ಮುಂದಿನವರೆಲ್ಲ ಕೈಕಟ್ಟಿ ನಿಲ್ಲಬೇಕು. ಹಿಂದೆ ಮಾಲು ರಾಶಿ ಬಿದ್ದು ಮುಂದೆ ಖಾಲಿ ಇರೋ ಸ್ಟೇಷನ್ ಯಾವುದು ಅಂತ ಗಂಟೆಗಂಟೆಗೂ ಬರೆದಿಟ್ಟಿರದೆ ಇಡೀ ಲೈನ್‌ಗೆ ನೋಟಿಸ್ ಕೊಟ್ಟರೆ ಏನು ಪ್ರಯೋಜನ?

ಸೇಫ್ಟಿಫಸ್ಟ್:
ರೂಲ್ ಪ್ರಕಾರ ಅಂದರೆ ಚೆಕ್‌ಲಿಸ್ಟಲ್ಲಿ ಇರೋದನ್ನಷ್ಟೇ, ಇದ್ದ ಹಾಗೆ ಮಾಡೋದು: ಗಾರ್ಡ್ ಹಾಕದೆ ಪ್ರೆಸ್ ಓಡಿಸಲ್ಲ, ಸಹಿ ಇಲ್ಲದೆ ಡೈ (ಪ್ರೆಸ್‌ನ ಅಚ್ಚು) ಬದಲಿಸಲ್ಲ. ಇದನ್ನು ತಪ್ಪು ಅನ್ನೋದು ಕಷ್ಟ. ಆದರೆ 10 ನಿಮಿಷದ ಚೆಕಿಂಗ್‌ಗೆ 40 ನಿಮಿಷ ತಗೊಂಡರೆ ಅದು ಗೋ-ಸ್ಲೋನೇ, ಹೆಸರು ಏನಿಟ್ಟರೂ.

ಗೋ-ಸ್ಲೋದ ಹಳೇ ಕಥೆ ಒಂದು: 1889ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಬಂದರಿನ ಹಮಾಲರ ಸ್ಟ್ರೈಕ್ ಸೋತಿತು. ಅವರ ಜಾಗಕ್ಕೆ ಹೊಲದ ಕೆಲಸದವರನ್ನು ತಂದು, ಮಾಲೀಕರು ಅವರನ್ನೇ ಹೊಗಳಿದ್ದರು. ಹಮಾಲರು ವಾಪಸ್ ಬಂದು ಆ ಹೊಲದವರಷ್ಟೇ ಒಡ್ಡೊಡ್ಡಾಗಿ ಮಾಲು ಹೊತ್ತರು. ಕೂಲಿ ಏರಿತು.

ಬಿ-ಶಿಫ್ಟ್:
ಪೀಸ್ ರೇಟ್‌ನವರ ಕಥೆ?

ಟೈಮ್‌ಸ್ಟಡಿ:
ಅಲ್ಲಿ ಎಳೆದಷ್ಟೂ ಅವರ ಕೂಲಿಯೇ ಖೋತಾ. ಅದಕ್ಕೇ ಅವರು ಗೋ-ಸ್ಲೋಗೆ ಇಳಿಯೋದು ಕಮ್ಮಿ. ಇಳಿದರೂ ಹೆಚ್ಚಾಗಿ ರೇಟ್ ಫಿಕ್ಸ್ ಮಾಡೋಕೆ ಮ್ಯಾನೇಜ್‌ಮೆಂಟ್‌ನವರು ಸ್ಟಾಪ್‌ವಾಚ್ ಹಿಡಿದು ಬಂದ ದಿನ.