ಏಳು ಟೇಬಲ್, ಹನ್ನೊಂದು ಫಿಲ್ಟರ್: ಕ್ವೆರಿಯನ್ನು ಕೋಡ್‌ನಲ್ಲೇ ಕಟ್ಟಿದವರು ಅನುಭವ ಹೇಳಬೇಕು

ಹಾಲಿನ ಲೆಕ್ಕ

ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ಲೆಕ್ಕಪತ್ರದ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಸದಸ್ಯರು, ರಾಸುಗಳು, ಎರಡು ಹೊತ್ತಿನ ಹಾಲಿನ ಜಮೆ, ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಪರೀಕ್ಷೆ, ಬಟವಾಡೆ, ಸಾಲ, ಪಶು ಆಹಾರದ ಕಡಿತ ಎಂದು ಏಳು ಟೇಬಲ್‌ಗಳಿವೆ. ಕಾರ್ಯದರ್ಶಿಯವರ ಶೋಧ ಪರದೆಯಲ್ಲಿ 11 ಫಿಲ್ಟರ್‌ಗಳಿದ್ದು, ಅವರು ಯಾವುದನ್ನು ಬೇಕಾದರೂ ತುಂಬಬಹುದು, ಬಿಡಬಹುದು. ಜಾವಾ, ಅದರ ಚೌಕಟ್ಟಾದ ಸ್ಪ್ರಿಂಗ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತಿದ್ದೇನೆ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ, ಅಂದರೆ ಕ್ವೆರಿ, ಬರೆಯುವ ಭಾಷೆ) ತುಂಡುಗಳನ್ನು ಕೈಯಾರೆ ಜೋಡಿಸಲೇ, ಜಾವಾ ಕೋಡ್‌ನಿಂದ ಎಸ್‌ಕ್ಯೂಎಲ್ ತಾನೇ ಹುಟ್ಟಿಸುವ ಹೈಬರ್ನೇಟ್‌ನ ಕ್ರೈಟೀರಿಯಾ ಹಿಡಿಯಲೇ, ಅಥವಾ ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿಟ್ಟು ಅದರ ಮೇಲೆ ವೇರ್ (ಷರತ್ತಿನ ಭಾಗ) ಹಾಕಲೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಬಯಲುಸೀಮೆ

ನಾನು ಕೈಯಾರೆ ಜೋಡಿಸಿದವನು, ಇಂದಿಗೂ ಹಾಗೆಯೇ ಜೋಡಿಸುತ್ತೇನೆ. ಆದರೆ ಅದಕ್ಕಾಗಿ ನಾನು ತೆತ್ತದ್ದೇನು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಒಂದು ಕಾಲೇಜಿನ ಶುಲ್ಕದ ತಂತ್ರಾಂಶ, ಮೈಎಸ್‌ಕ್ಯೂಎಲ್ ಡೇಟಾಬೇಸ್. ವಿದ್ಯಾರ್ಥಿಯ ಟೇಬಲ್‌ಗೆ ಕಂತುಗಳ ಟೇಬಲ್ ಸೇರಿತ್ತು. ವಿದ್ಯಾರ್ಥಿವೇತನದ ಫಿಲ್ಟರ್ ಒತ್ತಿದಾಗ ಮಾತ್ರ ನನ್ನ ಕೋಡ್ ಅದರ ಟೇಬಲನ್ನೂ ತಂದು ಜಾಯಿನ್ ಮಾಡುತ್ತಿತ್ತು (ಹೊಂದುವ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಿತ್ತು). ಒಬ್ಬ ವಿದ್ಯಾರ್ಥಿನಿ ಕಟ್ಟಿದ್ದು 15,000, 15,000 ಮತ್ತು 10,000, ಒಟ್ಟು 40,000 ರೂಪಾಯಿ. ಆಕೆಗೆ ಎರಡು ವಿದ್ಯಾರ್ಥಿವೇತನಗಳಿದ್ದವು. ಮೂರು ಸಾಲು ಎರಡರಿಂದ ಗುಣಿಸಿ ಆರಾಯಿತು, ಪರದೆಯ ಮೇಲೆ 80,000 ಬಂತು. ಫಿಲ್ಟರ್ ತೆಗೆದರೆ 40,000, ಹಾಕಿದರೆ 80,000. ಗಾಬರಿಯಲ್ಲಿ, ಮೊತ್ತ ಕೂಡುವ ಸಮ್‌ನೊಳಗೆ, ಒಂದೇ ಮೌಲ್ಯವನ್ನು ಒಮ್ಮೆ ಮಾತ್ರ ಎಣಿಸುವ ಡಿಸ್ಟಿಂಕ್ಟ್ ಹಾಕಿದೆ. ಎರಡು 15,000ಗಳು ಒಂದೇ ಆಗಿಬಿಟ್ಟು ಮೊತ್ತ 25,000ಕ್ಕೆ ಇಳಿಯಿತು. ಅದನ್ನು ಪರೀಕ್ಷಿಸದೆ ಒಂದು ಶುಕ್ರವಾರ ಸಂಜೆ ಏರಿಸಿಬಿಟ್ಟೆ. ಸೋಮವಾರ ಬೆಳಗ್ಗೆ, ಪೂರ್ತಿ ಕಟ್ಟಿದ 212 ಮಕ್ಕಳ ಮನೆಗೆ ಬಾಕಿ ಇದೆಯೆಂಬ ಸಂದೇಶ ಹೋಗಿತ್ತು. ಆ ತಂದೆ ತಾಯಂದಿರ ಕರೆಗಳಿಗೆ ಉತ್ತರಿಸುತ್ತ ಲೆಕ್ಕದ ಕೋಣೆಯಲ್ಲಿ ಎರಡು ದಿನ ಕುಳಿತಿದ್ದೆ.

ಆಮೇಲೆ ಕಲಿತದ್ದು ಇಷ್ಟು: ಮೊತ್ತ ಬೇಕಾದ ಟೇಬಲನ್ನು ಮೊದಲು ಒಳಗಿನ ಕ್ವೆರಿಯಲ್ಲೇ ವಿದ್ಯಾರ್ಥಿವಾರು ಕೂಡಿ, ತಲೆಗೊಂದು ಸಾಲು ಮಾಡಿಕೊಂಡು, ಆಮೇಲೆ ಜಾಯಿನ್ ಮಾಡಬೇಕು. ಬರೀ ಶೋಧಕ್ಕೆ ಬೇಕಾದ ಟೇಬಲನ್ನು ಜಾಯಿನ್ ಮಾಡಲೇಬಾರದು, ಎಕ್ಸಿಸ್ಟ್ಸ್ ಒಳಗೆ ಇಡಬೇಕು. ಎಕ್ಸಿಸ್ಟ್ಸ್ ಇದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ, ಸಾಲನ್ನು ಗುಣಿಸುವುದಿಲ್ಲ.

ಹಳೇ ಬೇರು

ಕೈಯಾರೆ ಜೋಡಿಸಿ ಎಂದು ಹೊಸಬರಿಗೆ ಹೇಳುವುದು ಸರಿಯಲ್ಲ. ನಮ್ಮಲ್ಲಿ ಒಬ್ಬರು ಹಾಗೆ ಜೋಡಿಸಿದ್ದ ಕೋಡ್‌ನಲ್ಲಿ ಮೌಲ್ಯಗಳನ್ನೆಲ್ಲ ಬೈಂಡ್ ಮಾಡಿದ್ದರು (ಎಸ್‌ಕ್ಯೂಎಲ್ ಪಠ್ಯಕ್ಕೆ ಬೆರೆಸದೆ ಪ್ರತ್ಯೇಕವಾಗಿ ಕಳಿಸಿದ್ದರು), ಆದರೆ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಕಾಲಂನ ಹೆಸರನ್ನು ಬ್ರೌಸರ್‌ನಿಂದ ಬಂದಂತೆಯೇ ಅಂಟಿಸಿದ್ದರು. ಕಾಲಂನ ಹೆಸರನ್ನು ಬೈಂಡ್ ಮಾಡಲಾಗದು. ಒಪ್ಪಿತ ಹೆಸರುಗಳ ಪಟ್ಟಿಯೊಂದಿಗೆ ಹೋಲಿಸಿ ಮಾತ್ರ ಸೇರಿಸಬೇಕು. ಭದ್ರತಾ ತಪಾಸಣೆಗೆ ಬಂದವರು ಅದೇ ಕಿಂಡಿಯಿಂದ ಇಡೀ ಬಳಕೆದಾರರ ಪಟ್ಟಿಯನ್ನು ನಮ್ಮ ಮುಂದೆಯೇ ತೆಗೆದು ತೋರಿಸಿದರು. ಆ ದಿನದಿಂದ ನಾನು ಹೈಬರ್ನೇಟ್ ಬಿಟ್ಟು ಕದಲಿಲ್ಲ.

ಹೈಬರ್ನೇಟ್ ಕೂಡ ನನ್ನನ್ನು ಸುಮ್ಮನೆ ಬಿಡಲಿಲ್ಲ. ಗ್ರಾಹಕರ ಜೊತೆಗೆ ಅವರ ಆರ್ಡರ್‌ಗಳನ್ನೂ ಫೆಚ್ ಜಾಯಿನ್‌ನಲ್ಲಿ (ಒಂದೇ ಕ್ವೆರಿಯಲ್ಲಿ) ತಂದು, ಪುಟಕ್ಕೆ 20ರಂತೆ ಕೇಳಿದ್ದೆ. ಹಾಗೆ ಕೇಳಿದಾಗ, ಇಷ್ಟೇ ಸಾಲು ಸಾಕೆನ್ನುವ ಲಿಮಿಟ್ ಡೇಟಾಬೇಸ್‌ಗೆ ಹೋಗುವುದಿಲ್ಲ. ಎಲ್ಲ ಸಾಲುಗಳೂ ಜಾವಾದ ಮೆಮೊರಿಗೆ ಬಂದು, ಪುಟ ಮಾಡುವ ಕೆಲಸ ಅಲ್ಲಿ ನಡೆಯುತ್ತದೆ. ಲಾಗ್‌ನಲ್ಲಿ ಅದರ ಎಚ್ಚರಿಕೆ ಐದು ತಿಂಗಳು ಸತತವಾಗಿ ಬೀಳುತ್ತಿತ್ತು, ನಾವು ಓದಿರಲಿಲ್ಲ. ತಿಂಗಳ ಕೊನೆಯಲ್ಲಿ ಸರ್ವರ್ ಕುಸಿಯುವುದು, ಮೆಮೊರಿ 4 ಜಿಬಿಯಿಂದ 8ಕ್ಕೆ, 8ರಿಂದ 16ಕ್ಕೆ ಏರಿಸುವುದು. ಕ್ಲೌಡ್ ಬಿಲ್ ತಿಂಗಳಿಗೆ 11,000 ಇದ್ದದ್ದು 38,000 ರೂಪಾಯಿಗೆ ಮುಟ್ಟಿತು. ಕೊನೆಗೆ ಮಾಡಿದ್ದು ಎರಡೇ ಹೆಜ್ಜೆ: ಮೊದಲ ಕ್ವೆರಿಯಲ್ಲಿ ಫಿಲ್ಟರ್ ಹಾಕಿ ಆ ಪುಟದ 20 ಐಡಿಗಳನ್ನು ಮಾತ್ರ ತರುವುದು, ಎರಡನೆಯದರಲ್ಲಿ ಆ 20 ಐಡಿಗಳ ವಿವರ ತರುವುದು. ಬಿಲ್ ಮರುತಿಂಗಳೇ ಕೆಳಗಿಳಿಯಿತು. ತಪ್ಪು ನನ್ನದು, ಸಾಧನದ್ದಲ್ಲ.

ಬಯಲುಸೀಮೆ

ನಾನು ಬೈಂಡ್ ಮಾಡಬೇಡಿ ಎಂದು ಎಲ್ಲಿ ಹೇಳಿದೆ? ನಿಮ್ಮ ಸಹೋದ್ಯೋಗಿಯ ಅಜಾಗರೂಕತೆಯನ್ನು ನನ್ನ ತಲೆಗೆ ಕಟ್ಟಬೇಡಿ. ನಾನು ಜೋಡಿಸಿದ ಎಸ್‌ಕ್ಯೂಎಲ್‌ನಲ್ಲಿ ಲಿಮಿಟ್ ಎಲ್ಲಿದೆ ಎಂಬುದು ನನ್ನ ಕಣ್ಣಿಗೆ ಕಾಣುತ್ತದೆ. ನಿಮಗೆ ಅದು ಕಾಣಲು ಐದು ತಿಂಗಳು ಬೇಕಾಯಿತು.

ಕಲ್ಲುಕಂಬ

ಇಬ್ಬರೂ ತಪ್ಪು ಜಾಗದಲ್ಲಿ ಜಗಳವಾಡುತ್ತಿದ್ದೀರಿ. ಕ್ವೆರಿ ಇರಬೇಕಾದ ಜಾಗ ಡೇಟಾಬೇಸ್. ನಾನು ಒಂಬತ್ತು ವರ್ಷ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿದ ಪ್ರೋಗ್ರಾಂ) ಬರೆದಿದ್ದೇನೆ, ಅದಕ್ಕೆ ಪಶ್ಚಾತ್ತಾಪವಿಲ್ಲ.

ಆದರೂ ಒಂದು ಗಾಯ ಇನ್ನೂ ಮಾಗಿಲ್ಲ. ಒಂದು ಗೋದಾಮಿನ ಶೋಧ ಪರದೆಗೆ 14 ಪ್ಯಾರಾಮೀಟರ್‌ಗಳ ಪ್ರೊಸೀಜರ್ ಬರೆದು, ಪ್ರತಿಯೊಂದಕ್ಕೂ ‘ಪ್ಯಾರಾಮೀಟರ್ ನಲ್ (ಖಾಲಿ) ಆಗಿದ್ದರೆ, ಅಥವಾ ಕಾಲಂ ಅದಕ್ಕೆ ಸಮವಾಗಿದ್ದರೆ’ ಎಂದು ಸಾಲುಸಾಲಾಗಿ ಷರತ್ತು ಹಾಕಿದ್ದೆ. ನೋಡಲು ಅಚ್ಚುಕಟ್ಟು. ಆದರೆ ಬೆಳಗ್ಗೆ ಮೊದಲು ಬಂದವರು ಯಾವ ಫಿಲ್ಟರ್ ತುಂಬಿದರೋ ಅದಕ್ಕೆ ತಕ್ಕ ಪ್ಲಾನ್ (ಕ್ವೆರಿ ನಡೆಸುವ ಯೋಜನೆ) ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಕುಳಿತು, ದಿನವಿಡೀ ಉಳಿದವರಿಗೂ ಅದೇ ಗತಿಯಾಗುತ್ತಿತ್ತು. ಮೊದಲು ಬಂದವರು ಖಾಲಿ ಬಿಟ್ಟು ಹುಡುಕಿದ ದಿನ, ಒಂದೇ ಒಂದು ಇನ್‌ವಾಯ್ಸ್ ಸಂಖ್ಯೆಯ ಶೋಧಕ್ಕೂ 47 ಸೆಕೆಂಡ್. ಮೂರು ವಾರ ಜಾಲದ ತಂಡವನ್ನು ದೂರಿದೆ. ಅವರಲ್ಲಿ ಆಮೇಲೆ ಕ್ಷಮೆ ಕೇಳಿದೆ. ರೀಕಂಪೈಲ್ ಸೂಚನೆ ಹಾಕಿದ ಮೇಲೆ ಸರಿಹೋಯಿತು, ಆದರೆ ಪ್ರತಿ ಸಲವೂ ಪ್ಲಾನ್ ಹೊಸದಾಗಿ ಕಟ್ಟುವ ಸಿಪಿಯು ಖರ್ಚು ಸೇರಿಕೊಂಡಿತು. ಕೊನೆಗೆ ಪ್ರೊಸೀಜರ್ ಒಳಗೇ ತುಂಬಿದ ಫಿಲ್ಟರ್‌ಗಳಷ್ಟೇ ಇರುವ ಎಸ್‌ಕ್ಯೂಎಲ್ ಕಟ್ಟಿ, ಪ್ಯಾರಾಮೀಟರ್ ಸಮೇತ, ಅದನ್ನು ನಡೆಸುವ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್‌ಗೆ ಕೊಟ್ಟೆ.

ಹಳೇ ಬೇರು

ಅಂದರೆ ತಾವೂ ಕೊನೆಗೆ ಸ್ಟ್ರಿಂಗ್ (ಪಠ್ಯದ ತುಂಡು) ಜೋಡಿಸಿದಿರಿ. ಬಯಲುಸೀಮೆಯವರು ಅದನ್ನು ಜಾವಾದಲ್ಲಿ ಮಾಡಿದರೆ ತಪ್ಪು, ತಾವು ಪ್ರೊಸೀಜರ್‌ನಲ್ಲಿ ಮಾಡಿದರೆ ಸರಿ ಎನ್ನುವುದು ಹೇಗೆ? ಪ್ರೊಸೀಜರ್ ಒಳಗಿನ ಸ್ಟ್ರಿಂಗ್‌ಗೆ ಯೂನಿಟ್ ಟೆಸ್ಟ್ ಬರೆದವರನ್ನು ನಾನು ಇನ್ನೂ ಕಂಡಿಲ್ಲ.

ಕಲ್ಲುಕಂಬ

ನಾನು ಬರೆದಿದ್ದೇನೆ. ತಾವು ಕಂಡಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ.

ಮಲೆಸೀಮೆ

ವ್ಯೂ ಮಾಡಲೇ ಎಂಬ ಮಾತಿಗೆ ಯಾರೂ ಉತ್ತರಿಸಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆ ದಾರಿ ಹಿಡಿದವಳು ನಾನು.

ಐದು ಟೇಬಲ್‌ಗಳ ವ್ಯೂ ಒಂದನ್ನು ಮಾಡಿಟ್ಟಿದ್ದೆವು. ಶೋಧದ ಕೋಡ್ ಬೇಕಾದಾಗ ಅದರ ತುದಿಗೆ ಇನ್ನಷ್ಟು ಟೇಬಲ್‌ಗಳನ್ನು ಜಾಯಿನ್ ಮಾಡುತ್ತಿತ್ತು. ಮೂರು ಸೇರಿಸುವ ತನಕ ಎಲ್ಲವೂ ಸುಗಮ. ಆರನ್ನು ಸೇರಿಸಿದ ದಿನ 200 ಮಿಲಿಸೆಕೆಂಡ್ ಹಿಡಿಯುತ್ತಿದ್ದ ಶೋಧ 19 ಸೆಕೆಂಡ್ ಹಿಡಿಯಿತು. ಬೇಗ ಹುಡುಕಲೆಂದು ಇಂಡೆಕ್ಸ್ ಮೇಲೆ ಇಂಡೆಕ್ಸ್ ಹಾಕಿದೆವು, ಹಳೆಯ ಸಾಲುಗಳ ಕಸ ತೆಗೆಯುವ ವ್ಯಾಕ್ಯೂಮ್ ಮಾಡಿದೆವು, ದೊಡ್ಡ ಯಂತ್ರ ಕೊಂಡೆವು. ಹನ್ನೆರಡು ದಿನಗಳ ನಂತರ, ರಾತ್ರಿ, ಪ್ಲಾನನ್ನು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್‌ನ ಸಾಲುಗಳನ್ನು ಬೆರಳಿಟ್ಟು ಓದುತ್ತಿದ್ದಾಗ ಕಾರಣ ಕಂಡಿತು. ಪೋಸ್ಟ್‌ಗ್ರೆಸ್‌ನಲ್ಲಿ ಜಾಯಿನ್_ಕೊಲ್ಯಾಪ್ಸ್_ಲಿಮಿಟ್ ಎಂಬ ಸೆಟ್ಟಿಂಗ್ ಇದೆ, ಅದರ ಮೂಲ ಮೌಲ್ಯ 8. ಟೇಬಲ್‌ಗಳು ಅದಕ್ಕಿಂತ ಹೆಚ್ಚಾದರೆ ಪ್ಲಾನರ್ ಎಲ್ಲ ಜಾಯಿನ್ ಕ್ರಮಗಳನ್ನೂ ತೂಗಿ ನೋಡುವುದಿಲ್ಲ, ನಾವು ಬರೆದ ಕ್ರಮವೇ ಬಹುಮಟ್ಟಿಗೆ ಉಳಿದುಬಿಡುತ್ತದೆ. ನಮ್ಮ ಕೋಡ್ ಫಿಲ್ಟರ್‌ನ ಟೇಬಲ್‌ಗಳನ್ನು ಸದಾ ಕೊನೆಗೆ ಅಂಟಿಸುತ್ತಿತ್ತು. ಹತ್ತೇ ಸಾಲು ಕೊಡಬೇಕಾದ ಟೇಬಲ್ ಕೊನೆಯಲ್ಲಿ ಕುಳಿತು, ಅದಕ್ಕೂ ಮೊದಲು ಲಕ್ಷಾಂತರ ಸಾಲುಗಳು ಒಂದಕ್ಕೊಂದು ಸೇರಿ ಮುಗಿದಿರುತ್ತಿದ್ದವು.

ಲಿಮಿಟನ್ನು 11ಕ್ಕೆ ಏರಿಸಿದ ಕೂಡಲೇ ಶೋಧ ಚುರುಕಾಯಿತು, ಪ್ಲಾನ್ ಮಾಡುವ ಸಮಯ ಮಾತ್ರ ಹೆಚ್ಚಿತು. 12 ಅಥವಾ ಹೆಚ್ಚಾದರೆ ಜೆಕೊ ಎಂಬ, ಅಂದಾಜಿನ ಬೇರೆಯೇ ಹುಡುಕಾಟ ಶುರುವಾಗುತ್ತದೆ, ಆದ್ದರಿಂದ ಅಲ್ಲಿಗೆ ಹೋಗಲಿಲ್ಲ. ಆಮೇಲೆ ವ್ಯೂ ಕಿತ್ತುಹಾಕಿ, ಹೆಚ್ಚು ಸಾಲುಗಳನ್ನು ತಳ್ಳಿಹಾಕುವ ಫಿಲ್ಟರ್‌ನ ಟೇಬಲನ್ನು ಕೋಡೇ ಮೊದಲು ಬರೆಯುವಂತೆ ಮಾಡಿದೆವು.

ಕಲ್ಲುಕಂಬದವರು ಹೇಳಿದ ‘ನಲ್ ಅಥವಾ ಸಮ’ ಷರತ್ತು ಪೋಸ್ಟ್‌ಗ್ರೆಸ್‌ನಲ್ಲೂ ಕಾಡುತ್ತದೆ. ಪ್ರಿಪೇರ್ ಮಾಡಿದ (ಮೊದಲೇ ಸಿದ್ಧಪಡಿಸಿ ಮತ್ತೆ ಮತ್ತೆ ಬಳಸುವ) ಕ್ವೆರಿಗೆ ಮೊದಲ ಐದು ಸಲ ಆಯಾ ಮೌಲ್ಯಕ್ಕೆ ತಕ್ಕ ಪ್ಲಾನ್ ಸಿಗುತ್ತದೆ. ಅನಂತರ ಎಲ್ಲಕ್ಕೂ ಹೊಂದುವ ಸಾಮಾನ್ಯ ಪ್ಲಾನ್ ದುಬಾರಿಯಲ್ಲವೆಂದು ಪೋಸ್ಟ್‌ಗ್ರೆಸ್‌ಗೆ ತೋರಿದರೆ ಅದನ್ನೇ ಹಿಡಿದುಕೊಳ್ಳುತ್ತದೆ. ಪರೀಕ್ಷಿಸುವಾಗ ಚುರುಕು, ಬಳಕೆಗೆ ಬಂದಾಗ ನಿಧಾನ. 12ನೇ ಆವೃತ್ತಿಯಿಂದ ಪ್ಲಾನ್_ಕ್ಯಾಶ್_ಮೋಡ್ ಎಂಬ ಸೆಟ್ಟಿಂಗ್ ಬಂದಿರುವುದರಿಂದ ಇದನ್ನು ತಡೆಯಬಹುದು.

ಹೊಸಚಿಗುರು

ಪೈಥಾನ್‌ನ ಜ್ಯಾಂಗೋ ಚೌಕಟ್ಟು ಬಳಸುವವರಿಗೆ ಒಂದು ಮಾತು. ‘ಬಾಕಿ ಇರುವ, 2023ರಲ್ಲಿ ಪಡೆದ ಸಾಲ’ ಎಂಬ ಎರಡು ಷರತ್ತುಗಳನ್ನು ಒಂದೇ ಫಿಲ್ಟರ್ ಕರೆಯಲ್ಲಿ ಬರೆದರೆ ಎರಡೂ ಒಂದೇ ಸಾಲಕ್ಕೆ ಅನ್ವಯಿಸುತ್ತವೆ. ಒಂದರ ಮುಂದೊಂದು ಫಿಲ್ಟರ್ ಪೋಣಿಸಿದರೆ ಅದೇ ಟೇಬಲ್ ಎರಡು ಸಲ ಜಾಯಿನ್ ಆಗಿ, 2023ರ ಸಾಲ ತೀರಿಸಿ ಬೇರೊಂದು ಸಾಲ ಉಳಿಸಿಕೊಂಡವರೂ ಪಟ್ಟಿಗೆ ಬರುತ್ತಾರೆ. ಇದರಿಂದಾಗಿ ತೀರಿಸಿದ ಸಾಲಕ್ಕೆ ನೋಟಿಸ್ ಹೋದ ಹಿರಿಯರೊಬ್ಬರ ಮನೆಗೆ ನಾನೇ ಹೋಗಿ ಬಂದೆ.

ಕಡಲಂಚು

ನನ್ನ ದುಃಖ ಬೇರೆ. ಫಿಲ್ಟರ್ ಐಚ್ಛಿಕವಾದ್ದರಿಂದ ಎಲ್ಲ ಕಡೆ ಲೆಫ್ಟ್ ಜಾಯಿನ್ (ಬಲಬದಿಯಲ್ಲಿ ಹೊಂದುವ ಸಾಲಿಲ್ಲದಿದ್ದರೂ ಎಡಬದಿಯ ಸಾಲನ್ನು ಉಳಿಸುವುದು) ಹಾಕಿ, ಬಲಬದಿಯ ಟೇಬಲ್‌ನ ದಿನಾಂಕದ ಷರತ್ತನ್ನು ವೇರ್‌ನಲ್ಲಿ ಬರೆದಿದ್ದೆ. ಬಲಬದಿಯಲ್ಲಿ ಸಾಲೇ ಇಲ್ಲದವರ ದಿನಾಂಕ ನಲ್ ಆಗಿರುವುದರಿಂದ, ಆ ವಾರ ಏನನ್ನೂ ಕೊಡದ ಸದಸ್ಯರೆಲ್ಲ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾದರು. ಷರತ್ತನ್ನು ಜಾಯಿನ್‌ನ ಆನ್ ಭಾಗಕ್ಕೆ ಸರಿಸಿದ ಮೇಲೆ ಮರಳಿ ಬಂದರು. ಅವರನ್ನೇ ಹುಡುಕಲು ಮಾಡಿದ ಪರದೆ ಅದು.

ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ನೋವು: ರಸೀದಿ ಸಂಖ್ಯೆ ಒಂದು ಟೇಬಲ್‌ನಲ್ಲಿ ವಾರ್‌ಚಾರ್ (ಪಠ್ಯ), ಇನ್ನೊಂದರಲ್ಲಿ ಇಂಟಿಜರ್ (ಪೂರ್ಣಾಂಕ). ವಾರ್‌ಚಾರ್ ಕಡೆಯ ಇಂಡೆಕ್ಸ್ ಕೆಲಸಕ್ಕೆ ಬರಲಿಲ್ಲ. ಅದು ಹಾಳಾಗಲಿ, ‘0417’ ಮತ್ತು ‘417’ ಎಂಬ ಎರಡು ಬೇರೆ ರಸೀದಿಗಳೂ 417ಕ್ಕೆ ಹೊಂದಿಕೊಂಡು, ಒಬ್ಬರ ಹಣ ಇಬ್ಬರ ಖಾತೆಯಲ್ಲಿ ಕಂಡಿತು.

ಬಯಲುಸೀಮೆ

ವಾರ್‌ಚಾರ್ ಮತ್ತು ಇಂಟಿಜರ್‌ನದು ವಿನ್ಯಾಸದ ತಪ್ಪು, ಕ್ವೆರಿ ಕಟ್ಟುವ ರೀತಿಯದಲ್ಲ. ಇಲ್ಲಿಗೆ ಏಕೆ ತರುತ್ತೀರಿ?

ಕಡಲಂಚು

ಏಕೆಂದರೆ ಆ ಟೇಬಲ್‌ಗಳನ್ನು ಮಾಡಿದವರು ನಾನಲ್ಲ, ಅವುಗಳನ್ನು ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಜಾಯಿನ್ ಬರೆಯುವವರಲ್ಲಿ ಹೆಚ್ಚಿನವರ ಸ್ಥಿತಿ ಇದೇ. ತಾವು ವಿನ್ಯಾಸವನ್ನೂ ತಾವೇ ಮಾಡಿದ್ದರೆ ಅದು ತಮ್ಮ ಭಾಗ್ಯ.

ಹಾಲಿನ ಲೆಕ್ಕ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಗ್ಗೆ ಒಬ್ಬ ಸದಸ್ಯರ ಹತ್ತು ದಿನದ ಬಟವಾಡೆಯನ್ನು ಕಾಗದದ ಮೇಲೆ ಕೂಡಿ ನೋಡಿದೆ. ಎರಡು ಹೊತ್ತಿನಂತೆ 20 ಜಮೆ, ಮೂರು ಕಡಿತ. ನನ್ನ ಕ್ವೆರಿ 60 ಸಾಲು ಕೊಡುತ್ತಿತ್ತು. ಬಯಲುಸೀಮೆಯವರು ಹೇಳಿದ ತಪ್ಪನ್ನೇ ನಾನೂ ಮಾಡಿದ್ದೆ. ಜಮೆಯನ್ನೂ ಕಡಿತವನ್ನೂ ಒಳಗಿನ ಕ್ವೆರಿಗಳಲ್ಲಿ ಬೇರೆ ಬೇರೆಯಾಗಿ ಕೂಡಿದ್ದೇನೆ, ಸಾಲ ಮತ್ತು ರಾಸುಗಳ ಫಿಲ್ಟರ್‌ಗಳನ್ನು ಎಕ್ಸಿಸ್ಟ್ಸ್‌ಗೆ ಸರಿಸಿದ್ದೇನೆ. ಈಗ ಆ ಸದಸ್ಯರಿಗೆ ಒಂದೇ ಸಾಲು ಬರುತ್ತಿದೆ, ಮೊತ್ತ ಕಾಗದದ ಲೆಕ್ಕಕ್ಕೆ ಪೈಸೆಯೂ ತಪ್ಪದೆ ಹೊಂದುತ್ತದೆ. ಕ್ರೈಟೀರಿಯಾದಲ್ಲೇ ಬರೆಯಲು ಹೊರಟಿದ್ದೆ, ಫ್ರಮ್ (ಟೇಬಲ್‌ಗಳನ್ನು ಹೆಸರಿಸುವ) ಭಾಗದ ಒಳಗಿನ ಕ್ವೆರಿಯನ್ನು ಅದರಲ್ಲಿ ಕಟ್ಟಲು ಆಗಲಿಲ್ಲವಾದ್ದರಿಂದ ಕೈಯಾರೆ ಜೋಡಿಸಿದೆ.

ಹಳೇ ಬೇರು

ಹೈಬರ್ನೇಟ್‌ನ ಯಾವ ಆವೃತ್ತಿ ಎಂದು ದಯವಿಟ್ಟು ಹೇಳಿ. 6.1ರಿಂದ ಫ್ರಮ್ ಭಾಗದಲ್ಲೂ ಒಳಗಿನ ಕ್ವೆರಿ ಬರೆಯಬಹುದು. ಅದನ್ನು ನೋಡದೆ ಆಗುವುದಿಲ್ಲ ಎಂದುಬಿಟ್ಟರೆ ನನಗೆ ಬೇಸರವಾಗುತ್ತದೆ.