ಓರೆ ಮುಚ್ಚಳದ ಮೇಜು: ಅಸಲಿಯೋ, ಪ್ರತಿಕೃತಿಯೋ?

ಪ್ರಶ್ನೆ: ಬಾಸ್ಟನ್ ಹತ್ತಿರ ಹಳೆ ಸಾಮಾನಿನ ಮಾರಾಟದಲ್ಲಿ ಓರೆ ಮುಚ್ಚಳದ ಮಹಾಗನಿ ಮೇಜು ನೋಡಿದೆವು. ಮುಚ್ಚಳ ಇಳಿಸಿದರೆ ಅದೇ ಬರೆಯುವ ಹಲಗೆ, ಒಳಗೆಲ್ಲ ಪುಟ್ಟ ಗೂಡುಗಳು. ಚೀಟಿಯಲ್ಲಿ ‘ಕಲೋನಿಯಲ್, 1760’ ಅಂತಿದೆ, ಅಂದರೆ ಅಮೆರಿಕ ಬ್ರಿಟಿಷರ ಕೈಯಲ್ಲಿದ್ದ ಕಾಲದ್ದು, ಬೆಲೆ 900 ಡಾಲರ್. ನಿಜವಾಗಲೂ ಅಷ್ಟು ಹಳೆಯದಾ? ಅಲ್ಲದಿದ್ದರೆ ಬಿಟ್ಟುಬಿಡಬೇಕಾ?

ಉತ್ತರ: ಇಂಥ ಮೇಜುಗಳ ರಿಪೇರಿಯೇ ನನ್ನ ಕೆಲಸ. ಮುಂಭಾಗ ನೋಡಿ ಮರುಳಾಗಬೇಡಿ. ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿ, ತಳದ ಮೇಲೆ ಅಡ್ಡಡ್ಡ ಬೆರಳಾಡಿಸಿ. ಕೈಯಿಂದ ಉಜ್ಜುಗೊರಡು ಹೊಡೆದ ಹಲಗೆಯಾದರೆ ಸಣ್ಣ ಏರಿಳಿತ ಸಿಗುತ್ತದೆ, ಅದು ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಕಮಾನಿನಂಥ ಗರಗಸದ ಗೆರೆ ಇದ್ದರೆ ಅದು ಚಕ್ರದ ಗರಗಸದ್ದು, 1760ರ ಅಮೆರಿಕದ ಬಡಗಿಯ ಹತ್ತಿರ ಅದು ಇರಲಿಲ್ಲ. ಡ್ರಾಯರಿನ ಮೂಲೆಯಲ್ಲಿ ಎರಡು ಹಲಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಹಲ್ಲುಗಳು (ಪಾರಿವಾಳದ ಬಾಲದ ಆಕಾರದವು) ಅಚ್ಚು ಹೊಡೆದಂತೆ ಒಂದೇ ಅಳತೆ ಇದ್ದರೆ ಯಂತ್ರದ ಕೆಲಸ. ಸ್ಕ್ರೂ ಮೊನೆಯನ್ನೂ ನೋಡಿ. ಚೂಪು ಮೊನೆಯ ಸ್ಕ್ರೂ ಬಳಕೆಗೆ ಬಂದಿದ್ದು 1840ರ ದಶಕದ ನಂತರ.

ಪ್ರಶ್ನೆ: ನೋಡಿ ಬಂದೆವು. ತಳ ಪೈನ್ ಮರದ್ದು, ಹಲ್ಲುಗಳು ಕೈಯಲ್ಲಿ ಕೊಯ್ದ ಹಾಗಿವೆ. ಆದರೆ ಸ್ಕ್ರೂ ಎಲ್ಲಾ ಚೂಪು, ಬದಲಾಯಿಸಿದ ಗುರುತೂ ಇಲ್ಲ.

ಉತ್ತರ: ಹಾಗಾದರೆ ಪ್ರತಿಕೃತಿ, ಅದೂ ಕೈಕೆಲಸದ್ದು. ಬೇಸರ ಬೇಡ. ಅಸಲಿಯ ಬೆಲೆ ಕೆಲವೊಮ್ಮೆ ಎಲ್ಲಿಗೋ ಹೋಗುತ್ತದೆ, ಅಮೆರಿಕದ ನ್ಯೂಪೋರ್ಟ್ ಊರಿನ ಒಂದು ಡೆಸ್ಕ್-ಬುಕ್‌ಕೇಸ್ (ಮೇಲೆ ಪುಸ್ತಕದ ಬೀರು ಇರುವ ಮೇಜು) 1989ರ ಹರಾಜಿನಲ್ಲಿ 1.21 ಕೋಟಿ ಡಾಲರ್‌ಗೆ ಹೋಯಿತು. ಪ್ರತಿಕೃತಿ ಮಾಡುವುದು ಮೋಸವಲ್ಲ, ಅದನ್ನು ಹಳೆಯದು ಅಂತ ಮಾರುವುದು ಮೋಸ. ವಾಲೇಸ್ ನಟಿಂಗ್ ಎಂಬವರು 1920ರ ದಶಕದಲ್ಲಿ ತಾವು ಮಾಡಿಸಿದ ಪ್ರತಿಕೃತಿಗಳ ಮೇಲೆ ತಮ್ಮ ಹೆಸರನ್ನೇ ಮುದ್ರೆ ಒತ್ತಿಸುತ್ತಿದ್ದರು. ನಿಮ್ಮದರಲ್ಲೂ ಅಂಥ ಮುದ್ರೆ ಇದೆಯಾ ಹುಡುಕಿ.

ಈಗ ಮುಚ್ಚಳ ನೋಡಿ. ಎರಡು ತುದಿಗೂ ಅಡ್ಡ ಪಟ್ಟಿ ಇರುತ್ತದೆ, ಹಲಗೆ ಡೊಂಕಾಗದಿರಲಿ ಅಂತ. ಅಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಪಟ್ಟಿ ಉದ್ದದಲ್ಲಿ ಕುಗ್ಗುವುದೇ ಇಲ್ಲ ಅನ್ನಬಹುದು. ಪಟ್ಟಿಯುದ್ದಕ್ಕೂ ಅಂಟು ಹಾಕಿದ್ದರೆ ಹಲಗೆಗೆ ಸರಿಯಲು ಜಾಗ ಸಿಗದೆ ನಡುವೆ ಸೀಳುತ್ತದೆ. ನಾನು ಕಲಿಯುವಾಗ ಮಾಡಿದ ಮೊದಲ ಮುಚ್ಚಳ ಹೀಗೇ ಸೀಳಿತು, ತಿಂಗಳ ಕೆಲಸ ಹಾಳಾಗಿ ಎರಡು ದಿನ ಉಳಿ ಮುಟ್ಟಲಿಲ್ಲ. ನಿಮ್ಮ ಮೇಜಿನಲ್ಲಿ ಪಟ್ಟಿಯ ತುದಿ ಹಲಗೆಗಿಂತ ಕೂದಲೆಳೆಯಷ್ಟು ಹೊರಗಿದ್ದರೆ ಒಳ್ಳೆಯ ಲಕ್ಷಣ. ಬಡಗಿ ಹಲಗೆಗೆ ಸರಿಯಲು ಜಾಗ ಬಿಟ್ಟಿದ್ದಾನೆ.

ಇನ್ನೊಂದು: ಗೂಡುಗಳ ನಡುವಿನ ಪುಟ್ಟ ಬಾಗಿಲಿನ ಎರಡೂ ಪಕ್ಕ ಕಂಬದ ಹಾಗೆ ಏನಾದರೂ ಇದ್ದರೆ ಮೆತ್ತಗೆ ಮುಂದಕ್ಕೆಳೆಯಿರಿ. ಎಷ್ಟೋ ಮೇಜುಗಳಲ್ಲಿ ಅದು ಪತ್ರ ಬಚ್ಚಿಡುವ ಪೆಟ್ಟಿಗೆ.

ಪ್ರಶ್ನೆ: ಬಂತು! ಎರಡೂ ಬಂದವು! ಪಟ್ಟಿಯೂ ಸ್ವಲ್ಪ ಹೊರಗಿದೆ.

ಉತ್ತರ: ತಗೊಳ್ಳಿ. ಚೀಟಿಯ 1760 ಮಾತ್ರ ಒಪ್ಪಬೇಡಿ, ರಸೀದಿಯಲ್ಲಿ ‘ಪ್ರತಿಕೃತಿ’ ಅಂತಲೇ ಬರೆಸಿಕೊಳ್ಳಿ.