ಅಡಿಕೆ, ಬಾಳೆ, ಬಿದಿರು: ಇವುಗಳಲ್ಲಿ ಮರ ಯಾವುದು?

ಪ್ರಶ್ನೆ (ಶಿರಸಿ):
ನಮ್ಮೂರಿನ ಶಾಲೆಯ ಮಕ್ಕಳು ಸುತ್ತಲಿನ ಮರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾರೆ. ಹಲಸು, ಮತ್ತಿ, ನಂದಿಗಳ ವಿಷಯದಲ್ಲಿ ಯಾರದೂ ತಕರಾರಿಲ್ಲ. ಆದರೆ ನಾವು ಅಡಿಕೆಯನ್ನು ಮರವೆಂದೂ ಬಾಳೆಯನ್ನು ಗಿಡವೆಂದೂ ಬಿದಿರನ್ನು ಮೆಳೆಯೆಂದೂ ಕರೆಯುವುದಕ್ಕೆ ಸಸ್ಯಶಾಸ್ತ್ರದ ಆಧಾರವೇನಾದರೂ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಕಾರವಾರ):
ಸಸ್ಯಶಾಸ್ತ್ರದಲ್ಲಿ ಮರವೆಂಬುದು ಒಂದು ಕುಟುಂಬವಲ್ಲ, ಬೆಳವಣಿಗೆಯ ಒಂದು ರೀತಿ ಮಾತ್ರ. ಆದ್ದರಿಂದಲೇ ಪರಸ್ಪರ ಹತ್ತಿರದ ಸಂಬಂಧವಿಲ್ಲದ ಎಷ್ಟೋ ಕುಟುಂಬಗಳಲ್ಲಿ ಮರಗಳಿವೆ. ಮತ್ತಿಯ ಕಾಂಡದಲ್ಲಿ ತೊಗಟೆಯ ಒಳಗಿರುವ ತೆಳುಪದರವು ಹೊಸ ಕಟ್ಟಿಗೆಯನ್ನು ಕೂಡಿಸುತ್ತಾ ಹೋಗುವುದರಿಂದ ಅದು ವರ್ಷ ಕಳೆದಂತೆ ದಪ್ಪವಾಗುತ್ತದೆ. ಅಡಿಕೆಯಲ್ಲಿ ಆ ಪದರವೇ ಇಲ್ಲ. ಅದರ ಕಾಂಡದ ಮೇಲೆ ಕಾಣುವ ಬಳೆಗಳು ಉದುರಿದ ಸೋಗೆಯ ಗುರುತುಗಳೇ ಹೊರತು ಕಟ್ಟಿಗೆಯೊಳಗಿನ ವಾರ್ಷಿಕ ಉಂಗುರಗಳಲ್ಲ. ಬಾಳೆಯಲ್ಲಿ ನಾವು ಕಾಂಡವೆಂದುಕೊಳ್ಳುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡವು ನೆಲದೊಳಗಿನ ಗಡ್ಡೆ. ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದೆ. ಬಾಳೆಯನ್ನು ಗಿಡವೆನ್ನುವ ನಿಮ್ಮ ರೂಢಿಯು ಶಾಸ್ತ್ರಕ್ಕೆ ಬಹಳ ಹತ್ತಿರವಿದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2 (ಯಲ್ಲಾಪುರ):
ಅಡಿಕೆಯ ದಬ್ಬೆ ಸೀಳಿದವರಿಗೆ ಮೇಲಿನ ಮಾತು ಕೂಡಲೇ ಅರ್ಥವಾಗುತ್ತದೆ. ಹೊರಭಾಗ ಮಾತ್ರ ಗಟ್ಟಿ, ಒಳಗೆ ಮೆದು. ಮತ್ತಿಯಲ್ಲಾದರೆ ಗಟ್ಟಿಯಾದ ಚೇಗು ಒಳಗಿರುತ್ತದೆ.

ಉತ್ತರ 3 (ಕುಮಟಾ):
ಕಾನೂನಿನ ಅರ್ಥವೇ ಬೇರೆ. 1927ರ ಭಾರತೀಯ ಅರಣ್ಯ ಕಾಯಿದೆಯು ತಾಳೆಜಾತಿಯ ಸಸ್ಯಗಳು, ಬಿದಿರು, ಬೆತ್ತ, ಕುರುಚಲು, ಕಡಿದುಳಿದ ಬುಡ ಇವೆಲ್ಲವನ್ನೂ ಮರವೆಂಬ ಪದದೊಳಗೆ ಸೇರಿಸಿತ್ತು. ಅರಣ್ಯದ ಹೊರಗೆ ಬಿದಿರು ಬೆಳೆಯುವ ರೈತರಿಗೆ ಕಡಿಯಲು, ಸಾಗಿಸಲು ಅನುಕೂಲವಾಗಲೆಂದು 2017ರ ತಿದ್ದುಪಡಿಯಲ್ಲಿ ಬಿದಿರನ್ನು ಆ ವ್ಯಾಖ್ಯೆಯಿಂದ ಕೈಬಿಡಲಾಯಿತು. ನಮ್ಮ ರಾಜ್ಯಕ್ಕೆ 1963ರ ಪ್ರತ್ಯೇಕ ಅರಣ್ಯ ಕಾಯಿದೆ ಇರುವುದರಿಂದ, ಕೇಂದ್ರದ ತಿದ್ದುಪಡಿಯನ್ನಷ್ಟೇ ನಂಬಿ ಯಾರೂ ಮೆಳೆಗೆ ಕತ್ತಿ ಹಾಕಬಾರದು. ವಲಯ ಅರಣ್ಯ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ಮಕ್ಕಳ ಪಟ್ಟಿಗೆ ಈ ಕಾನೂನಿನ ಅರ್ಥವನ್ನು ತರುವ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರು (ಶಿರಸಿ):
ಎಲ್ಲರಿಗೂ ಕೃತಜ್ಞತೆಗಳು. ಅಡಿಕೆ ಮತ್ತು ತೆಂಗನ್ನು ಪಟ್ಟಿಯಲ್ಲಿ ಉಳಿಸಿಕೊಂಡು, ಅವುಗಳ ಕಾಂಡವು ಮತ್ತಿಯಂತೆ ದಪ್ಪವಾಗುವುದಿಲ್ಲವೆಂದು ಪಕ್ಕದಲ್ಲಿ ಬರೆಸುತ್ತೇನೆ. ಬಾಳೆಗೂ ಬಿದಿರಿಗೂ ಬೇರೆ ಪುಟ ಮಾಡಿಸುತ್ತೇನೆ. ಕತ್ತರಿಸಿದ ದಬ್ಬೆಯ ತುಂಡೊಂದನ್ನೂ ಮತ್ತಿಯ ತುಂಡೊಂದನ್ನೂ ತರಗತಿಗೆ ಒಯ್ದು ಮಕ್ಕಳಿಗೆ ತೋರಿಸುವ ಯೋಚನೆಯಿದೆ.